ಹೊಗೆಬಂಡಿಯ ಹಾದಿ, ನ್ಯೇರಿಯ ಮಣ್ಣು

ಮೊಂಬಾಸಾದಿಂದ ನೈರೋಬಿಗೆ ಹೊರಡುವ ರೈಲಿನ ಹೆಸರು ಮದರಾಕ ಎಕ್ಸ್‌ಪ್ರೆಸ್. ಮದರಾಕ ಎಂದರೆ ಸ್ವಾಹಿಲಿಯಲ್ಲಿ ಅಧಿಕಾರ, ಆಡಳಿತದ ಹೊಣೆ. ನಮ್ಮ ಹಳಬರ ಮಾತಿನಲ್ಲಿ ಹೇಳುವುದಾದರೆ ಸ್ವರಾಜ್ಯ. ಕೆನ್ಯಾಕ್ಕೆ ಒಳಾಡಳಿತ ಸಿಕ್ಕಿದ್ದು 1963ರ ಜೂನ್ 1ರಂದು. ಆ ದಿನದ ನೆನಪಿಗೆಂದು 2017ರ ಮೇ 31ರಂದು ಈ ರೈಲನ್ನು ಹೊರಡಿಸಿದರು. ಹಳಿ ಹಾಕಿದ್ದು ಚೀನಾದ ಕಂಪನಿ, ಸುರಿದ ದುಡ್ಡಿನಲ್ಲಿ ಬಹುಪಾಲು ಚೀನಾದ ಸಾಲ. ಹೆಸರು ಸ್ವರಾಜ್ಯದ್ದು, ಹಳಿ ಸಾಲದ್ದು. ಟಿಕೆಟ್ ಕೈಗೆ ಬಂದ ಗಳಿಗೆಯಿಂದಲೇ ಪ್ರವಾಸಿಗೆ ಈ ದೇಶದ ಕಥೆ ಶುರುವಾಗಿಬಿಡುತ್ತದೆ.

ರೈಲಿಗೆ ಸ್ವಾಹಿಲಿಯಲ್ಲಿ ಇನ್ನೊಂದು ಹಳೆಯ ಹೆಸರಿದೆ: ಗಾರಿ ಲಾ ಮೋಶಿ. ಮೋಶಿ ಅಂದರೆ ಹೊಗೆ. ಗಾರಿ ಅಂದರೆ ನಮ್ಮ ಗಾಡಿಯೇ. ಕನ್ನಡದ ಅಜ್ಜಂದಿರು ಹೊಗೆಬಂಡಿ ಅಂದದ್ದನ್ನೇ ಇಲ್ಲಿಯ ಅಜ್ಜಂದಿರೂ ಅಂದರು. ಅಂಗಡಿಗೆ ಇಲ್ಲಿ ದುಕಾ, ಹಣಕ್ಕೆ ಪೆಸಾ, ವಿಮೆಗೆ ಬಿಮಾ, ಲಕ್ಷಕ್ಕೆ ಲಕಿ. ಚಹಾ ಚಾಯ್ ಆಗಿದೆ, ಚಪಾತಿ ಚಪಾತಿಯಾಗಿಯೇ ಉಳಿದಿದೆ. ದುಕಾನು ಎನ್ನುವ ಹುಬ್ಬಳ್ಳಿ-ಧಾರವಾಡದವರಿಗೆ ಮೊಂಬಾಸಾದ ಪೇಟೆಬೀದಿ ಅರ್ಧ ಅರ್ಥವಾಗುತ್ತದೆ. ಈ ಮಾತುಗಳು ಹಾಯಿಹಡಗಿನಲ್ಲಿ ಬಂದವು, ಆಮೇಲೆ ಕೂಲಿಗಳ ಜೊತೆ ಹಳಿ ಹತ್ತಿ ಒಳನಾಡಿಗೆ ಹೋದವು.

ರೈಲು ಹತ್ತುವ ಮೊದಲು ಎಲ್ಲರೂ ನೋಡುವ ಜಾಗ ಫೋರ್ಟ್ ಜೀಸಸ್. ಹವಳದ ಕಲ್ಲಿನ ಈ ಕೋಟೆಯನ್ನು ಪೋರ್ಚುಗೀಸರು ಕಟ್ಟಲು ಶುರು ಮಾಡಿದ್ದು 1593ರಲ್ಲಿ. ಅದರ ನಕ್ಷೆ ಬರೆದ ಇಟಲಿಯ ಶಿಲ್ಪಿ ಅದಕ್ಕೆ ಮೊದಲು ಗೋವಾದಲ್ಲಿ ಪೋರ್ಚುಗೀಸರಿಗಾಗಿ ದುಡಿದವನು. ಸುಮಾರು ಮೂರು ವರ್ಷ ಮುತ್ತಿಗೆ ಹಾಕಿ ಒಮಾನಿನ ಅರಬರು 1698ರಲ್ಲಿ ಕೋಟೆ ಗೆದ್ದುಕೊಂಡರು. 1895ರಲ್ಲಿ ಬ್ರಿಟಿಷರು ಅದನ್ನು ಜೈಲು ಮಾಡಿದರು. 1958ರವರೆಗೂ ಅದು ಜೈಲಾಗಿಯೇ ಇತ್ತು. ಕೋಟೆಗಾಗಿ ಹೊಡೆದಾಡಿದವರಿಗೆ ಬಂದರು ಸಾಕಿತ್ತು, ಸುಂಕ ಸಾಕಿತ್ತು. ರೈಲು ತಂದವರಿಗೆ ಮಾತ್ರ ಮಣ್ಣು ಬೇಕಾಯಿತು. ಕೆನ್ಯಾದ ಮುಂದಿನ ಎಪ್ಪತ್ತು ವರ್ಷಗಳ ಜಗಳವೆಲ್ಲ ಆ ಮಣ್ಣಿನದೇ.

ಬರ್ಲಿನ್ನಿನಲ್ಲಿ 1884-85ರ ಚಳಿಗಾಲದಲ್ಲಿ ಯುರೋಪಿನ ದೊರೆಗಳ ಪ್ರತಿನಿಧಿಗಳು ಮೇಜಿನ ಸುತ್ತ ಕೂತು ಆಫ್ರಿಕಾ ಹಂಚಿಕೊಳ್ಳುವ ನಿಯಮಗಳನ್ನು ಬರೆದುಕೊಂಡ ವಿಷಯ ಶಾಲಾಪುಸ್ತಕದಲ್ಲೂ ಇದೆ. ಆ ಮೇಜಿನ ಸುತ್ತ ಒಬ್ಬ ಆಫ್ರಿಕನ್ನನೂ ಇರಲಿಲ್ಲ. ಹತ್ತು ವರ್ಷದಲ್ಲಿ, 1895ರಲ್ಲಿ, ಈ ಸೀಮೆ ಬ್ರಿಟನ್ನಿನ ರಕ್ಷಿತ ಪ್ರಾಂತವಾಯಿತು. ರಕ್ಷಣೆ ಯಾರಿಂದ ಯಾರಿಗೆ ಎಂದು ಕೇಳುವ ಹಾಗಿರಲಿಲ್ಲ. ಮರುವರ್ಷ ಮೊಂಬಾಸಾದಲ್ಲಿ ಹಳಿ ಹಾಕಲು ಶುರುವಾಯಿತು. ಇಂಗ್ಲೆಂಡಿನ ಕಣ್ಣಿದ್ದದ್ದು ಉಗಾಂಡಾದ ಮೇಲೆ, ನೈಲ್ ನದಿಯ ಮೂಲದ ಮೇಲೆ. ನಡುವಿನ ಕೆನ್ಯಾ ಬರೀ ದಾರಿ. ಹಿಂದೂಸ್ತಾನದಿಂದ ಸುಮಾರು 32,000 ಕೂಲಿಗಳು ಬಂದರು, ಹೆಚ್ಚಿನವರು ಪಂಜಾಬಿನವರು. ಅವರಲ್ಲಿ ಸುಮಾರು 2,500 ಜನ ಇಲ್ಲಿಯೇ ಸತ್ತರು. ಮೈಲಿಗೆ ನಾಲ್ಕು ಹೆಣದ ಲೆಕ್ಕ.

ಹೊಸ ರೈಲು ಕರಾವಳಿಯ ತೆಂಗು, ಮಾವು ಬಿಟ್ಟು ಮರಿಯಾಕಾನಿ ಕಡೆ ಏರತೊಡಗಿದಾಗ ಬರುವುದು ಗಿರಿಯಾಮ ಜನರ ಸೀಮೆ. ಇಲ್ಲಿಯವರು ಮರೆಯದ ಹೆಸರು ಮೆಕಾಟಿಲಿಲಿ ವಾ ಮೆಂಜ. 1913ರಲ್ಲಿ ಬ್ರಿಟಿಷ್ ಅಧಿಕಾರಿ ಊರ ಹುಡುಗರನ್ನು ಕೂಲಿಗೆ ಕಳಿಸಿ ಎಂದು ಕೇಳಲು ಬಂದ. ಮೆಕಾಟಿಲಿಲಿ ಒಂದು ತಾಯಿಕೋಳಿಯನ್ನು ಮರಿಗಳ ಸಮೇತ ತಂದು ನೆಲಕ್ಕೆ ಬಿಟ್ಟಳಂತೆ. ಧೈರ್ಯವಿದ್ದರೆ ಒಂದು ಮರಿ ಎತ್ತಿಕೋ ಎಂದಳಂತೆ. ಸಾಹೇಬ ಬಗ್ಗಿದ, ಕೋಳಿ ಕುಕ್ಕಿತು. ನಮ್ಮ ಮಕ್ಕಳನ್ನು ಮುಟ್ಟಿದರೂ ಇದೇ ಗತಿ ಎಂದಳು. ಅವನು ಕೋಳಿಯನ್ನು ಗುಂಡಿಟ್ಟು ಕೊಂದ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಇದಿಷ್ಟು ಬಾಯಿಂದ ಬಾಯಿಗೆ ಬಂದದ್ದು. ದಾಖಲೆಯಲ್ಲಿರುವುದು ಇದು: ಅವಳನ್ನು ಹಿಡಿದು ದೇಶದ ಇನ್ನೊಂದು ತುದಿಯ ಕಿಸಿಗೆ ಗಡೀಪಾರು ಮಾಡಿದರು. ಕೆಲವೇ ತಿಂಗಳಲ್ಲಿ ಅವಳು ತಪ್ಪಿಸಿಕೊಂಡು ನೂರಾರು ಕಿಲೋಮೀಟರ್ ದಾಟಿ ಊರಿಗೆ ಬಂದಳು. 1914ರಲ್ಲಿ ಬ್ರಿಟಿಷರು ಗಿರಿಯಾಮರ ಪವಿತ್ರ ವನ, ಕಾಯಾ ಫುಂಗೋವನ್ನು ಡೈನಮೈಟ್ ಇಟ್ಟು ಸಿಡಿಸಿದರು. ನಮ್ಮ ಮಲೆನಾಡಿನ ದೇವರಕಾಡಿಗೆ ಮದ್ದಿಟ್ಟರೆ ಹೇಗಿರುತ್ತದೋ ಹಾಗೆ.

ತ್ಸಾವೊ ಬಂದಾಗ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಗೆ ಮುಖ ಕೊಡುತ್ತಾರೆ. ಕೆಂಧೂಳು ಮೆತ್ತಿದ ಆನೆಗಳು ನಿಜಕ್ಕೂ ಕೆಂಪಾಗಿಯೇ ಕಾಣುತ್ತವೆ. 1898ರಲ್ಲಿ ಇಲ್ಲಿ ಕೂಲಿಗಳನ್ನು ತಿಂದ ಎರಡು ಸಿಂಹಗಳ ಕಥೆ ಸಿನಿಮಾ ಆಗಿದೆ, ಅವುಗಳ ತೊಗಲು ಚಿಕಾಗೋದ ಮ್ಯೂಸಿಯಂ ಸೇರಿದೆ. ಕಾಯಿಲೆ ತಿಂದಷ್ಟು ಕೂಲಿಗಳನ್ನು ಸಿಂಹಗಳು ತಿನ್ನಲಿಲ್ಲ; ಕಾಯಿಲೆಯ ಮೇಲೆ ಸಿನಿಮಾ ಬರುವುದಿಲ್ಲ, ಅಷ್ಟೇ.

ಮುಂದೆ ಕಿಬ್ವೇಜಿ. ರೈಲು ಹುಟ್ಟುವುದಕ್ಕೂ ಮೊದಲೇ, 1892ರಲ್ಲಿ, ಬ್ರಿಟಿಷ್ ಕಂಪನಿಯ ಠಾಣೆಯನ್ನು ಎದುರುಹಾಕಿಕೊಂಡ ಕಿಕುಯು ನಾಯಕ ವಾಯಾಕಿ ವಾ ಹಿಂಗನನ್ನು ಕರಾವಳಿಗೆ ಸಾಗಿಸುವಾಗ ಅವನು ಸತ್ತದ್ದು ಈ ಊರಿನಲ್ಲಿ. ತಲೆಕೆಳಗಾಗಿ ಜೀವಂತ ಹೂತರು ಎಂದು ಕಿಕುಯು ಜನ ಹೇಳುತ್ತ ಬಂದಿದ್ದಾರೆ. ನೈರೋಬಿಯಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಗೆ ಇಂದು ಅವನದೇ ಹೆಸರು. ಅದೇ ದಿಕ್ಕಿನಲ್ಲಿ ಹಳೆಯ ಹಳಿ ವಿಕ್ಟೋರಿಯಾ ಸರೋವರಕ್ಕೆ ಹೋಗುವಾಗ ನಂದಿ ಜನರ ಗುಡ್ಡಗಳನ್ನು ಹಾಯಬೇಕಿತ್ತು. ಅವರು ಹತ್ತು ವರ್ಷ ಬಿಡದೆ ಕಾದಾಡಿದರು. 1905ರ ಅಕ್ಟೋಬರ್ 19ರಂದು ಸಂಧಾನಕ್ಕೆಂದು ಕರೆದು ಅವರ ನಾಯಕ ಕೊಯ್ತಾಲೆಲ್‌ನನ್ನು ಗುಂಡಿಟ್ಟು ಕೊಂದ ಮೇಲೆ ಆ ಹೋರಾಟ ಮುರಿಯಿತು.

ನೈರೋಬಿ ಮೊದಲು ಊರಾಗಿರಲಿಲ್ಲ. ಮಸಾಯಿ ಜನರ ದನಗಳು ನೀರು ಕುಡಿಯುವ ಜಾಗ. ಹೆಸರಿನ ಅರ್ಥವೇ ತಣ್ಣೀರು. 1899ರಲ್ಲಿ ರೈಲು ಇಲ್ಲಿಗೆ ಬಂದು ಡಿಪೊ ಹಾಕಿತು, ಡಿಪೊ ಊರಾಯಿತು, ಊರು ರಾಜಧಾನಿಯಾಯಿತು.

ಈಗ ಲೆಕ್ಕದ ಮಾತು. ಹಳಿಗೆ ಐವತ್ತು ಲಕ್ಷ ಪೌಂಡಿಗೂ ಹೆಚ್ಚು ಖರ್ಚಾಗಿತ್ತು. ಆ ಹಣ ಹುಟ್ಟಬೇಕಾದರೆ ಹಳಿಯ ಮೇಲೆ ಸರಕು ಓಡಬೇಕು, ಸರಕು ಬೇಕಾದರೆ ಬೆಳೆ ಬೇಕು. ಅದಕ್ಕೆ ಪ್ರಾಂತದ ಕಮಿಷನರು ಚಾರ್ಲ್ಸ್ ಎಲಿಯಟ್ ಬಿಳಿಯ ರೈತರನ್ನು ಕರೆದ. ಇಲ್ಲಿಯ ಎತ್ತರದ ನೆಲ ತಂಪು, ಮಣ್ಣು ಕೆಂಪು, ಮಳೆ ಎರಡು ಹಂಗಾಮಿನದು. ಕಾಫಿಗೂ ಚಹಾಕ್ಕೂ ಹೇಳಿ ಮಾಡಿಸಿದ ಜಾಗ. ನಮ್ಮ ಕೊಡಗು, ಚಿಕ್ಕಮಗಳೂರಿನವರು ಇಲ್ಲಿ ಇಳಿದರೆ ಮೊದಲು ಮಣ್ಣನ್ನು ಕೈಗೆತ್ತಿಕೊಂಡು ನೋಡುತ್ತಾರೆ. 1902ರ ಕಾಯ್ದೆ ಆ ನೆಲವನ್ನು ಬ್ರಿಟಿಷ್ ದೊರೆಯದು ಎಂದಿತು. 1915ರ ಕಾಯ್ದೆ ಅದನ್ನು ಬಿಳಿಯರಿಗೆ 999 ವರ್ಷದ ಗುತ್ತಿಗೆಗೆ ಕೊಡಬಹುದು ಎಂದಿತು. ಸಾವಿರಕ್ಕೆ ಒಂದು ಕಡಿಮೆ. ಆ ಒಂದು ವರ್ಷವನ್ನು ಯಾಕೆ ಬಿಟ್ಟರೋ!

ನೆಲ ಸಿಕ್ಕರೆ ಸಾಲದು, ಉಳುವ ಆಳು ಬೇಕು. ಅದಕ್ಕೆ ಗುಡಿಸಲಿಗೆ ತೆರಿಗೆ ಹಾಕಿದರು. ತೆರಿಗೆಯನ್ನು ಹಣದಲ್ಲೇ ಕಟ್ಟಬೇಕು, ಹಣ ಸಿಗುವುದು ಬಿಳಿಯರ ತೋಟದಲ್ಲಿ ಮಾತ್ರ. ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಪ್ರತಿ ಆಫ್ರಿಕನ್ ಗಂಡಸಿನ ಕೊರಳಿಗೆ ಕಿಪಾಂಡೆ ಬಿತ್ತು. ಬೆರಳಚ್ಚು, ಕೆಲಸಕ್ಕಿದ್ದ ಧಣಿ, ಕೊಟ್ಟ ಕೂಲಿ ಎಲ್ಲವನ್ನೂ ಬರೆದ ಕಾಗದ, ಅದನ್ನಿಡಲು ಒಂದು ಲೋಹದ ಡಬ್ಬಿ. ಆಡಿನ ಕೊರಳಿನ ಗಂಟೆ ಎಂದು ಜನ ಅದನ್ನು ಶಪಿಸಿದರು. ಧಣಿ ಅದರಲ್ಲಿ ಬಿಡುಗಡೆಯ ಸಹಿ ಹಾಕುವ ತನಕ ಆಳು ಬೇರೆ ಕಡೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಬಂದೂಕಿನ ಕೆಲಸವನ್ನು ಕಾಗದ ಮಾಡುತ್ತಿತ್ತು, ಸದ್ದಿಲ್ಲದೆ.

ಇದರ ವಿರುದ್ಧ ಮೊದಲು ಊರೂರು ಎಬ್ಬಿಸಿದವನು ಹ್ಯಾರಿ ಥುಕು, ಸರ್ಕಾರಿ ಖಜಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಹುಡುಗ. ನೈರೋಬಿಯಲ್ಲಿ ಗುಜರಾತಿ ನಾಯಕ ಮಣಿಲಾಲ್ ದೇಸಾಯಿ ಅವನ ಬೆನ್ನಿಗಿದ್ದರು. 1922ರ ಮಾರ್ಚ್ 14ರಂದು ಅವನನ್ನು ಹಿಡಿದರು. ಎರಡು ದಿನದ ಮೇಲೆ ಪೊಲೀಸ್ ಠಾಣೆಯೆದುರು ಸಾವಿರಾರು ಜನ. ಗಂಡಸರು ಚದುರಿ ಮನೆಗೆ ಹೋಗಲು ಹೊರಟಾಗ ಮೇರಿ ಮುಥೋನಿ ನ್ಯಾಂಜಿರು ಎಂಬ ಹೆಂಗಸು ತನ್ನ ಬಟ್ಟೆಯನ್ನು ತಲೆಯ ಮೇಲಕ್ಕೆತ್ತಿ, ನನ್ನ ಲಂಗ ನೀವು ಉಟ್ಟುಕೊಳ್ಳಿ, ನಿಮ್ಮ ಚಡ್ಡಿ ನನಗೆ ಕೊಡಿ ಎಂದು ಹಂಗಿಸಿದಳು. ಕಿಕುಯು ಹೆಂಗಸು ಕೊಡಬಹುದಾದ ಅತಿ ದೊಡ್ಡ ಶಾಪ ಅದು. ಜನ ತಿರುಗಿ ನಿಂತರು, ಗುಂಡು ಹಾರಿತು. ಪಕ್ಕದ ನಾರ್ಫೋಕ್ ಹೋಟೆಲಿನ ಜಗಲಿಯಿಂದ ಬಿಳಿಯರೂ ಗುಂಡು ಹೊಡೆದರು. ಸರ್ಕಾರದ ಲೆಕ್ಕದಲ್ಲೇ ಇಪ್ಪತ್ತಕ್ಕಿಂತ ಹೆಚ್ಚು ಹೆಣ. ನ್ಯಾಂಜಿರು ಅವರಲ್ಲಿ ಒಬ್ಬಳು. ಆ ಹೋಟೆಲು ಇಂದಿಗೂ ಇದೆ, ಐಷಾರಾಮಿ ಹೋಟೆಲಾಗಿಯೇ ಇದೆ. ಅದರ ವಿಳಾಸ: ಹ್ಯಾರಿ ಥುಕು ರಸ್ತೆ.

ನೈರೋಬಿಯ ಸಿಟಿ ಪಾರ್ಕಿನಲ್ಲಿ ಮಂಗಗಳ ಕಾಟ ವಿಪರೀತ. ಕಡಲೆಕಾಯಿ ಕಂಡರೆ ಹೆಗಲಿಗೇ ಹತ್ತುತ್ತವೆ. ಅವನ್ನು ದಾಟಿ ಹೋದರೆ ಪಿಯೋ ಗಾಮಾ ಪಿಂಟೋ ಮತ್ತು ಜೋಸೆಫ್ ಮುರುಂಬಿಯವರ ಸಮಾಧಿಗಳು ಹತ್ತಿರ ಹತ್ತಿರ ಇವೆ. ಕನ್ನಡಿಗರು ಇಲ್ಲಿ ಒಂದಿಷ್ಟು ಹೊತ್ತು ಕೂರಬೇಕು. ಪಿಂಟೋ ನೈರೋಬಿಯಲ್ಲಿ 1927ರಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗ. ಓದಿಗೆಂದು ಭಾರತಕ್ಕೆ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಕಲಿತ. ಮುರುಂಬಿಯವರ ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ. ಶಾಲೆಯ ಓದು ಬೆಂಗಳೂರಿನಲ್ಲಿ, ಬಳ್ಳಾರಿಯಲ್ಲಿ. ಧಾರವಾಡದ ಮಳೆ ಕಂಡವನೂ ಬಳ್ಳಾರಿಯ ಬಿಸಿಲು ಕಂಡವನೂ ನೈರೋಬಿಯಲ್ಲಿ ಗೆಳೆಯರಾದರು.

ಪಿಂಟೋ ಮದುವೆಯಾದದ್ದು 1954ರ ಜನವರಿಯಲ್ಲಿ. ಮಾವ ಕೊಟ್ಟ ಹಣದಲ್ಲಿ ಅವನು ಕೊಂಡದ್ದು ಮುದ್ರಣಯಂತ್ರ. ಬ್ರಿಟಿಷರ ವಿರುದ್ಧ ಕಾಡು ಸೇರಿದ್ದ ಮೌ ಮೌ ಹೋರಾಟಗಾರರಿಗೆ ಹಣ, ಆಯುಧ ಮುಟ್ಟಿಸುತ್ತಿದ್ದ. ಐದು ತಿಂಗಳಲ್ಲಿ ಅವನನ್ನು ಹಿಡಿದು ಮಾಂಡಾ ದ್ವೀಪಕ್ಕೆ ಹಾಕಿದರು. ಪೂರ್ತಿ ಬಿಡುಗಡೆಯಾದದ್ದು 1959ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಸಂಸದನಾದ, ಭೂಮಿ ಉಳುವವರಿಗೆ ಸಿಗಲಿ ಎಂದು ಹಟ ಹಿಡಿದ. 1965ರ ಫೆಬ್ರುವರಿ 24ರ ಬೆಳಿಗ್ಗೆ ಮನೆಯ ಗೇಟಿನಲ್ಲೇ, ಕಾರಿನಲ್ಲಿ ಮಗಳು ಕೂತಿದ್ದಾಗಲೇ, ಗುಂಡಿಗೆ ಬಲಿಯಾದ. ವಯಸ್ಸು 37. ಬ್ರಿಟಿಷರು ಹೋಗಿ ಆಗ ಒಂದು ವರ್ಷ ಎರಡು ತಿಂಗಳಷ್ಟೇ ಆಗಿತ್ತು. ಮರುವರ್ಷ ಉಪಾಧ್ಯಕ್ಷರಾದ ಮುರುಂಬಿ ಕೆಲವೇ ತಿಂಗಳಲ್ಲಿ ಹುದ್ದೆ ಬಿಟ್ಟರು. ತಮ್ಮನ್ನು ಪಿಂಟೋ ಹತ್ತಿರವೇ ಮಣ್ಣು ಮಾಡಬೇಕೆಂಬುದು ಅವರ ಆಸೆಯಾಗಿತ್ತು.

ಭಾರತೀಯರೆಲ್ಲ ಪಿಂಟೋ ಆಗಿದ್ದರು ಎಂದುಕೊಂಡರೆ ಅದು ನಮ್ಮ ಭ್ರಮೆ. ಬಹುಪಾಲು ದುಕಾದವರು ನಡುವಿನ ಮೆಟ್ಟಿಲಲ್ಲಿ ನಿಂತು, ಮೇಲಿನವರಿಗೆ ಹೆದರಿ, ಕೆಳಗಿನವರಿಗೆ ಸಾಲ ಕೊಟ್ಟು ಬದುಕಿದರು. ಆದರೆ 1950ರಲ್ಲೇ ಪೂರ್ಣ ಸ್ವಾತಂತ್ರ್ಯ ಬೇಕೆಂದು ಬಹಿರಂಗ ಸಭೆಯಲ್ಲಿ ಕೇಳಿದ್ದು ಕಾರ್ಮಿಕ ನಾಯಕ ಮಖನ್ ಸಿಂಗ್. ಅದಕ್ಕೆ ಅವರು ತೆತ್ತದ್ದು ಹನ್ನೊಂದು ವರ್ಷದ ಬಂಧನ.

ನೈರೋಬಿಯಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ನ್ಯೇರಿ. ಒಂದು ಪಕ್ಕ ಅಬರ್ಡೇರ್ ಬೆಟ್ಟಸಾಲು, ಇನ್ನೊಂದು ಪಕ್ಕ ಕಿಕುಯು ಜನರ ದೇವರ ಬೆಟ್ಟ ಕಿರಿನ್ಯಾಗ. ಭೂಪಟದವರು ಅದನ್ನು ಮೌಂಟ್ ಕೆನ್ಯಾ ಅನ್ನುತ್ತಾರೆ. ಅಬರ್ಡೇರ್ ಕಾಡಿನಲ್ಲಿ ಒಂದು ದೈತ್ಯ ಮುಗುಮೋ ಮರದ ಮೇಲೆ 1932ರಲ್ಲಿ ಒಬ್ಬ ಬಿಳಿಯ ಹೋಟೆಲಿಗ ಕೋಣೆಗಳನ್ನು ಕಟ್ಟಿದ, ಅದೇ ಟ್ರೀಟಾಪ್ಸ್. ಮುಗುಮೋ ನಮ್ಮ ಅತ್ತಿ, ಆಲದ ಬಳಗದ ಮರ, ಕಿಕುಯು ಜನ ಪೂಜೆ ಸಲ್ಲಿಸುವ ಮರ. 1952ರ ಫೆಬ್ರುವರಿ 5ರ ರಾತ್ರಿ ರಾಜಕುಮಾರಿ ಎಲಿಜಬೆತ್ ಅಲ್ಲಿ ಕೂತು ಆನೆಗಳನ್ನು ನೋಡಿದಳು. ಜೊತೆಗಿದ್ದ ಮುದುಕ ನಮ್ಮ ಓದುಗರಿಗೆಲ್ಲ ಗೊತ್ತಿರುವ ಜಿಮ್ ಕಾರ್ಬೆಟ್. ಭಾರತಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಅವನು ಅಕ್ಕನೊಂದಿಗೆ ನ್ಯೇರಿಗೆ ಬಂದು ನೆಲೆಸಿದ್ದ. ಅವನ ಸಮಾಧಿಯೂ ಇಲ್ಲಿಯೇ ಇದೆ. ಆ ರಾತ್ರಿ ಇಂಗ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯಲ್ಲಿ ದೊರೆ ತೀರಿಕೊಂಡ. ಮರ ಹತ್ತುವಾಗ ರಾಜಕುಮಾರಿಯಾಗಿದ್ದವಳು ಇಳಿಯುವಾಗ ರಾಣಿಯಾಗಿದ್ದಳು ಎಂದು ಪ್ರವಾಸಿ ಕೈಪಿಡಿಗಳೆಲ್ಲ ಬರೆಯುತ್ತವೆ. 1954ರಲ್ಲಿ ಅದೇ ಟ್ರೀಟಾಪ್ಸ್‌ಗೆ ಮೌ ಮೌ ಹೋರಾಟಗಾರರು ಬೆಂಕಿಯಿಟ್ಟರೆಂಬುದು ಆ ಕೈಪಿಡಿಗಳಲ್ಲಿ ಒಂದು ಸಾಲು.

ಮೌ ಮೌ ಎಂಬುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಭೂಮಿ ಮತ್ತು ಸ್ವಾತಂತ್ರ್ಯದ ಸೇನೆ ಎಂದು ಕರೆದುಕೊಂಡರು. ಮೊದಲು ಭೂಮಿ. ಇವರಲ್ಲಿ ಬರ್ಮಾದ ಕಾಡಿನಲ್ಲಿ ಬ್ರಿಟಿಷರ ಪರವಾಗಿ ಕಾದಾಡಿ ಬಂದವರಿದ್ದರು. ಜನರಲ್ ಚೀನಾ ಎಂದು ಹೆಸರಾದ ವಾರುಹಿಯು ಇಟೋಟೆ ಹಾಗೆ ಬಂದವನೇ. ಬಿಳಿಯ ಸೈನಿಕರಿಗೆ ಯುದ್ಧದ ಬಹುಮಾನವಾಗಿ ಕೆನ್ಯಾದಲ್ಲಿ ಜಮೀನು ಸಿಕ್ಕಿತು, ಇವರಿಗೆ ಮತ್ತದೇ ಕಿಪಾಂಡೆ. 1952ರ ಅಕ್ಟೋಬರ್ 20ರಂದು ಗವರ್ನರ್ ತುರ್ತುಸ್ಥಿತಿ ಸಾರಿದ. ಅದೇ ರಾತ್ರಿ, ಮುಂದೆ ಸ್ವತಂತ್ರ ಕೆನ್ಯಾದ ಅಧ್ಯಕ್ಷರಾದ ಜೋಮೋ ಕೆನ್ಯಾಟಾ ಮತ್ತು ಸಂಗಡಿಗರನ್ನು ಹಿಡಿದರು. ಅವರ ಪರ ವಾದಿಸಲು ದಿಲ್ಲಿಯಿಂದ ದಿವಾನ್ ಚಮನ್ ಲಾಲ್ ಬಂದರು. ಏಳು ವರ್ಷದ ಕಠಿಣ ಶಿಕ್ಷೆಯಾಯಿತು.

ಆಮೇಲಿನ ವರ್ಷಗಳು ಕತ್ತಲಿನವು. ಹತ್ತು ಲಕ್ಷಕ್ಕೂ ಹೆಚ್ಚು ಕಿಕುಯು ಜನರನ್ನು ಮನೆಯಿಂದೆಬ್ಬಿಸಿ ಮುಳ್ಳುಬೇಲಿ, ಕಂದಕದ ನಡುವಿನ ಹಳ್ಳಿಗಳಿಗೆ ತುಂಬಿದರು. ಕಾಡಿಗೂ ಊರಿಗೂ ಸಂಬಂಧ ಕಡಿಯಲು ಹೆಂಗಸರು ಮಕ್ಕಳಿಂದ ಮೈಲಿಗಟ್ಟಲೆ ಅಗಳು ತೋಡಿಸಿದರು. 1,090 ಜನರನ್ನು ನೇಣಿಗೆ ಹಾಕಿದರು. ಸರ್ಕಾರದ ಲೆಕ್ಕದಂತೆಯೇ ಸತ್ತ ಹೋರಾಟಗಾರರು 11,000 ದಾಟಿದ್ದರು. ಸತ್ತ ಬಿಳಿಯ ವಸಾಹತುಗಾರರು 32. ಹೋರಾಟಗಾರರ ಕೈಯೂ ಶುದ್ಧವಾಗಿರಲಿಲ್ಲ. 1953ರ ಮಾರ್ಚಿನಲ್ಲಿ ಲಾರಿ ಎಂಬಲ್ಲಿ ಸರ್ಕಾರದ ಪರ ಇದ್ದ ಕುಟುಂಬಗಳ ಗುಡಿಸಲಿಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳನ್ನೂ ಕಡಿದರು. ಅದಕ್ಕೆ ಪ್ರತಿಯಾಗಿ ಸರ್ಕಾರದ ಕಡೆಯವರು ಕೊಂದದ್ದು ಅದಕ್ಕಿಂತ ಹೆಚ್ಚು. ಒಂದೇ ಊರಿನ, ಒಂದೇ ಮಾತಿನ ಜನ ಒಬ್ಬರನ್ನೊಬ್ಬರು ಕಡಿದುಕೊಂಡ ಆ ಗಾಯದ ಬಗ್ಗೆ ನ್ಯೇರಿಯಲ್ಲಿ ಈಗಲೂ ಮಾತು ತಗ್ಗುತ್ತದೆ.

1959ರ ಮಾರ್ಚ್ 3ರಂದು ಹೋಲಾ ಬಂಧನ ಶಿಬಿರದಲ್ಲಿ ಕೆಲಸ ಮಾಡಲೊಪ್ಪದ ಹನ್ನೊಂದು ಕೈದಿಗಳನ್ನು ಬಡಿದು ಕೊಂದರು. ನೀರು ಕುಡಿದು ಸತ್ತರು ಎಂದು ಸರ್ಕಾರ ಪ್ರಕಟಣೆ ಕೊಟ್ಟಿತು. ಈ ಸುಳ್ಳು ಲಂಡನ್ನಿನ ಸಂಸತ್ತಿನಲ್ಲಿ ಬಯಲಾದ ಮೇಲೆ ಸಾಮ್ರಾಜ್ಯದ ದಿನಗಳು ಬೇಗ ಬೇಗ ಎಣಿಕೆಗೆ ಬಂದವು. ಶಿಬಿರಗಳ ಕಡತಗಳನ್ನು ಹೋಗುವಾಗ ಸುಟ್ಟರು, ಉಳಿದದ್ದನ್ನು ಹೊತ್ತೊಯ್ದು ಇಂಗ್ಲೆಂಡಿನ ಹ್ಯಾನ್ಸ್ಲೋಪ್ ಪಾರ್ಕಿನಲ್ಲಿ ಬಚ್ಚಿಟ್ಟರು. ಮುದುಕರಾಗಿದ್ದ ಕೈದಿಗಳು ಲಂಡನ್ನಿನಲ್ಲಿ ಮೊಕದ್ದಮೆ ಹೂಡಿದ್ದರಿಂದ 2011ರಲ್ಲಿ ಅವು ಹೊರಬಂದವು. 2013ರಲ್ಲಿ ಬ್ರಿಟನ್ ವಿಷಾದ ಸೂಚಿಸಿ 5,228 ಜನರಿಗಾಗಿ 1.99 ಕೋಟಿ ಪೌಂಡ್ ಕೊಟ್ಟಿತು. ತಲೆಗೆ ನಾಲ್ಕು ಸಾವಿರ ಪೌಂಡೂ ಬರಲಿಲ್ಲ. ಅದೇ ಒಪ್ಪಂದದಂತೆ ನೈರೋಬಿಯ ಉಹುರು ಪಾರ್ಕಿನಲ್ಲಿ ಸ್ಮಾರಕವೊಂದು ಎದ್ದಿದೆ: ಹೆಂಗಸೊಬ್ಬಳು ಕಾಡಿನ ಹೋರಾಟಗಾರನಿಗೆ ಊಟದ ಬುಟ್ಟಿ ಕೊಡುತ್ತಿದ್ದಾಳೆ, ಇಬ್ಬರ ಮುಖವೂ ಬೇರೆ ಕಡೆ ತಿರುಗಿದೆ. ಸಿಕ್ಕಿಬಿದ್ದು ಹೊಡೆತ ತಿಂದರೂ ಇನ್ನೊಬ್ಬರ ಗುರುತು ಹೇಳಲು ಬರಬಾರದಲ್ಲ!

ಸ್ವಾತಂತ್ರ್ಯ ಬಂದದ್ದು 1963ರ ಡಿಸೆಂಬರ್ 12ಕ್ಕೆ. ಭೂಮಿ? ಬಿಳಿಯರ ಜಮೀನನ್ನು ಬ್ರಿಟನ್ ಮತ್ತು ವಿಶ್ವಬ್ಯಾಂಕಿನ ಸಾಲದಿಂದ ಬೆಲೆ ಕೊಟ್ಟು ಕೊಂಡು ಆಫ್ರಿಕನ್ನರಿಗೆ ಕಂತಿನಲ್ಲಿ ಮಾರಿದರು. ಕಸಿದುಕೊಂಡ ಹೊಲವನ್ನು ಕಳೆದುಕೊಂಡವನೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಶಿಬಿರದಿಂದ ಬರಿಗೈಯಲ್ಲಿ ಬಂದವನ ಬಳಿ ಕಂತೆಲ್ಲಿಯದು? ಹಣವಿದ್ದದ್ದು ಸರ್ಕಾರದ ಪರ ನಿಂತವರ ಬಳಿ, ಹೊಸ ಮಂತ್ರಿಗಳ ಬಳಿ. ಇದು ಸರಿಯಲ್ಲ ಎಂದು ಬಿಲ್ದಾದ್ ಕಗ್ಗಿಯ ಉಪಮಂತ್ರಿ ಪದವಿ ಬಿಟ್ಟರು. ಕೆನ್ಯಾಟಾ ಜೊತೆಗೇ ಜೈಲು ಕಂಡವರು ಅವರು. 1965ರಲ್ಲಿ ತುಂಬಿದ ಸಭೆಯಲ್ಲಿ ಕೆನ್ಯಾಟಾ ಈ ಕಗ್ಗಿಯರನ್ನು ಎದುರಿಗಿಟ್ಟುಕೊಂಡೇ, ಜೈಲಿನ ಜೊತೆಗಾರರು ತೋಟ ಮನೆ ಮಾಡಿಕೊಂಡಿದ್ದಾರೆ, ನೀನು ಏನು ಮಾಡಿಕೊಂಡೆ ಎಂದು ಮೂದಲಿಸಿದರು. ಸ್ವತಂತ್ರ ಕೆನ್ಯಾದ ಚರಿತ್ರೆಯಲ್ಲಿ ಇದಕ್ಕಿಂತ ನಾಚಿಕೆಗೇಡಿನ ಪ್ರಶ್ನೆ ಇನ್ನೊಂದಿಲ್ಲ. ಮೌ ಮೌ ಮೇಲೆ ಬ್ರಿಟಿಷರು ಹಾಕಿದ ನಿಷೇಧವನ್ನು ತೆಗೆಯಲು 2003ರವರೆಗೆ ಕಾಯಬೇಕಾಯಿತು.

ನ್ಯೇರಿಯ ಕಾಡಿನಲ್ಲಿ ಇನ್ನೊಂದು ಮುಗುಮೋ ಮರವಿದೆ. ಊರಿನವರಿಗೆ ಅದು ಕಿಮಾಥಿಯ ಅಂಚೆಕಚೇರಿ. ಮೌ ಮೌ ನಾಯಕ ದೆಡಾನ್ ಕಿಮಾಥಿ ಮೇಷ್ಟರಾಗಿದ್ದವನು. ಕಾಡಿನಲ್ಲೂ ಬರೆಯುವುದನ್ನು ಬಿಡಲಿಲ್ಲ. ಆ ಮರದ ಪೊಟರೆಯಲ್ಲಿ ಪತ್ರಗಳನ್ನು ಇಡುತ್ತಿದ್ದರು, ಒಯ್ಯುತ್ತಿದ್ದರು. 1956ರ ಅಕ್ಟೋಬರ್ 21ರಂದು ಕಾಡಂಚಿನಲ್ಲಿ ಅವನು ಗುಂಡೇಟು ತಿಂದು ಸಿಕ್ಕಿಬಿದ್ದ. ನ್ಯೇರಿಯಲ್ಲಿ ವಿಚಾರಣೆ ನಡೆಯಿತು. ಆರೋಪ, ರಿವಾಲ್ವರ್ ಇಟ್ಟುಕೊಂಡದ್ದು. 1957ರ ಫೆಬ್ರುವರಿ 18ರಂದು ನೈರೋಬಿ ಬಳಿಯ ಕಾಮಿಟಿ ಜೈಲಿನಲ್ಲಿ ಗಲ್ಲಿಗೇರಿಸಿ, ಗುರುತಿಲ್ಲದಂತೆ ಮಣ್ಣು ಮಾಡಿದರು. ಕಿಮಾಥಿಯ ವಿಚಾರಣೆಯ ಮೇಲೆ ನಾಟಕ ಬರೆದವರಲ್ಲಿ ಒಬ್ಬರಾದ ನ್ಗೂಗಿ ವಾ ಥಿಯಾಂಗೊ, ಹಳ್ಳಿಯವರೊಂದಿಗೆ ಕಿಕುಯು ಭಾಷೆಯಲ್ಲಿ ಇನ್ನೊಂದು ನಾಟಕ ಆಡಿಸಿದ್ದಕ್ಕೆ 1977ರ ಕೊನೆಯಲ್ಲಿ ಅದೇ ಕಾಮಿಟಿಗೆ ಹೋದರು. ಈ ಸಲ ಜೈಲಿಗೆ ಹಾಕಿದ್ದು ಸ್ವಂತ ಸರ್ಕಾರ. ಅಲ್ಲಿ ಟಾಯ್ಲೆಟ್ ಕಾಗದದ ಮೇಲೆ ಅವರು ಕಿಕುಯು ಭಾಷೆಯ ತಮ್ಮ ಮೊದಲ ಕಾದಂಬರಿ ಬರೆದರು.

ನೈರೋಬಿಯ ಕಿಮಾಥಿ ಬೀದಿಯಲ್ಲಿ 2007ರಿಂದ ಅವನ ಕಂಚಿನ ಪ್ರತಿಮೆ ನಿಂತಿದೆ, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಠಾರಿ. ಪ್ರತಿಮೆಗಿಂತ ಹೆಚ್ಚಾಗಿ ಅವನ ಹೆಂಡತಿ ಮುಕಾಮಿ ಕೇಳುತ್ತಿದ್ದದ್ದು ಗಂಡನ ಮೂಳೆಗಳನ್ನು. ಒಬ್ಬರ ನಂತರ ಒಬ್ಬರು ಬಂದ ಅಧ್ಯಕ್ಷರಿಗೆಲ್ಲ ಅವರದು ಅದೇ ಕೋರಿಕೆ: ಅಗೆದು ಕೊಡಿ, ನಮ್ಮ ಹೊಲದಲ್ಲಿ ಮಣ್ಣು ಮಾಡಿಕೊಳ್ಳುತ್ತೇವೆ. 2023ರ ಮೇ ತಿಂಗಳಲ್ಲಿ ಮುಕಾಮಿ ತೀರಿಕೊಂಡರು. ನ್ಯಾಂಡಾರುವಾ ಸೀಮೆಯ ನ್ಜಾಬಿನಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅವರ ಮಣ್ಣಾಯಿತು. ಕಿಮಾಥಿಯ ಮೂಳೆಗಳನ್ನು ಕಾಮಿಟಿಯಿಂದ ಇನ್ನೂ ಹೊರತೆಗೆದಿಲ್ಲ.